ನೆರೆಯೂರಿನ ತೆಂಜಿನ್

ಸುಳ್ಳು ಆರೋಪ ಹೊತ್ತು, ಗಡೀಪಾರಾಗಿ ಸತ್ತು, ಸತ್ತ ಮೇಲೆ ದೇವರಾದ ವಿದ್ವಾಂಸ ತೆಂಜಿನ್. ವಿದ್ಯೆ ಬೇಡುವವರೆಲ್ಲ ಅವನ ಗುಡಿಗೇ ಬರುತ್ತಾರೆ. ಅಂಥ ಗುಡಿಯ ಅರ್ಚಕರ ಮಗಳು ಚಿಗುಸಾ ಔಷಧಶಾಸ್ತ್ರದ ಪ್ರವೇಶ ಪರೀಕ್ಷೆಯಲ್ಲಿ ಎರಡು ವರ್ಷ ಮುಗ್ಗರಿಸಿದ್ದಳು. ಈ ಸಲವೂ ಸೋತರೆ ಪುಸ್ತಕ ಮುಚ್ಚಿಟ್ಟು ಗುಡಿಯ ಕೆಲಸಕ್ಕೇ ನಿಲ್ಲಬೇಕೆಂದು ತಂದೆ ಹೇಳಿಯಾಗಿತ್ತು.

ಚಳಿಗಾಲವಿಡೀ ಅವಳು ಗುಡಿ ಸೇವೆಯ ಬಿಳಿ ಅಂಗಿ, ಕೆಂಪು ಲಂಗ ತೊಟ್ಟು ಕಂಡವರ ಮಕ್ಕಳಿಗೆ ತೇರ್ಗಡೆಯ ತಾಯತ ಕೊಟ್ಟಳು. “ಇದು ಫಲ ಕೊಡುತ್ತಾ?” ಎಂದು ಕೇಳಿದವರು ಅವಳ ಮುಖ ನೋಡಿ ನಾಲಗೆ ಕಚ್ಚಿಕೊಳ್ಳುತ್ತಿದ್ದರು. ತನಗಾಗಿ ಬೇಡಿಕೊಳ್ಳಲು ಮಾತ್ರ ತಂದೆ ಬಿಡಲಿಲ್ಲ.

“ಬಡಿಸೋರು ಮೊದಲು ಉಣ್ಣಬಾರದು ಕಣೆ. ಊರೋರದ್ದೆಲ್ಲ ಮುಗೀಲಿ.”

“ಅಷ್ಟರಲ್ಲಿ ಪರೀಕ್ಷೆನೇ ಮುಗಿದಿರತ್ತಪ್ಪ!”

ಪರೀಕ್ಷೆಗೆ ಮೂರು ದಿನವಿರುವಾಗ ಅವಳು ಮಾಸ್ಕ್ ಕಟ್ಟಿ, ಟೋಪಿಯನ್ನು ಹಣೆಗೆ ಎಳೆದು, ನೆರೆಯೂರಿನ ತೆಂಜಿನ್ ಗುಡಿಗೆ ಬಸ್ಸು ಹತ್ತಿದಳು. ಅಲ್ಲಿ, ಮುಟ್ಟಿದರೆ ವಿದ್ಯೆ ಹತ್ತುತ್ತದೆಂದು ಜನ ನಂಬುವ ಕಂಚಿನ ಎತ್ತಿನ ತಲೆ ಸವರಲು ಅರ್ಧ ಗಂಟೆ ಸರದಿಯಲ್ಲಿ ನಿಂತಳು. ಆಮೇಲೆ ಕೋರಿಕೆ ಬರೆಯುವ ಮರದ ಹಲಗೆಯೊಂದನ್ನು ಪಡೆದು ಮೇಜಿಗೆ ಬಂದರೆ, ಎದುರಿಗೆ ತಮ್ಮದೇ ಬೀದಿಯ ತೋಫು ಅಂಗಡಿಯ ಕುರಮೊಚಿಯಮ್ಮ ಪೆನ್ನು ಹಿಡಿದು ಕೂತಿದ್ದಳು!

“ಅಯ್ಯೋ, ನಮ್ಮ ಚಿಗುಸಾ ಅಲ್ವಾ! ಮಾಸ್ಕ್ ಹಾಕಿದ್ರೆ ನಿಮ್ಮಪ್ಪನ ಆ ಹುಬ್ಬು ಮುಚ್ಚತ್ತೇನೆ?”

“ನೀವೇನಿಲ್ಲಿ? ನಿಮ್ಮಂಗಡಿ ಎದುರಿಗೇ ನಮ್ಮ ಗುಡಿ ಇದೆಯಲ್ಲ.”

ಕುರಮೊಚಿಯಮ್ಮ ತನ್ನ ಹಲಗೆಯನ್ನು ಮೆಲ್ಲನೆ ಮಗುಚಿಟ್ಟಳು. “ಬೇಜಾರು ಮಾಡ್ಕೋಬೇಡ ಮಗಳೇ. ನಮ್ಮ ಹುಡುಗಿ ಮಿಸುಜುಗೂ ಈ ಸಲ ಪರೀಕ್ಷೆ. ಮನೆ ಮಗಳನ್ನೇ ದಾಟಿಸದ ದೇವರು ನಮ್ಮನ್ನೇನು ದಾಟಿಸ್ತಾನೆ ಅಂತ ಬೀದೀಲಿ ಮಾತು. ನಾನಲ್ಲ ಅಂದಿದ್ದು. ಎಲ್ಲಾರೂ.”

“ಎಲ್ಲಾರೂ ಅಂದ್ರೆ?”

“ಅಕ್ಕಿ ಅಂಗಡಿಯೋರು, ಹಲ್ಲಿನ ಡಾಕ್ಟ್ರು… ಡಾಕ್ಟ್ರಂತೂ ಹೋದ ವಾರಾನೇ ಬಂದು ಹೋದ್ರು.”

ಚಿಗುಸಾಳ ಕಿವಿ ಕಾದವು. ಸೋತದ್ದು ತಾನೊಬ್ಬಳೇ ಎಂದುಕೊಂಡಿದ್ದಳು. ತನ್ನ ಜೊತೆಗೆ ದೇವರ ಮಾನವನ್ನೂ ಕಳೆದಿದ್ದಳು.

“ದೇವರದ್ದೇನು ತಪ್ಪು? ನಾನು ಅವನನ್ನ ಕೇಳೇ ಇಲ್ಲ! ಅಪ್ಪ ಕೇಳೋಕೆ ಬಿಟ್ರೆ ತಾನೆ?”

“ಎರಡು ವರ್ಷ ಕೇಳೇ ಇಲ್ವಾ?” ಕುರಮೊಚಿಯಮ್ಮ ಕಿಸಕ್ಕನೆ ನಕ್ಕಳು. “ಸರಿಹೋಯ್ತು. ಈಗ ಇಲ್ಲಿ ಕೇಳಿ ಪಾಸಾಗಿಬಿಟ್ರೆ, ಅಲ್ಲಿ ನಿಮ್ಮ ದೇವರ ಗತಿ ಏನೇ?”

ಚಿಗುಸಾ ಬರೆಯದ ಹಲಗೆಯನ್ನು ಕುರಮೊಚಿಯಮ್ಮನ ಮುಂದಿಟ್ಟು ಹಿಂದಿರುಗುವ ಬಸ್ಸು ಹಿಡಿದಳು.

ಊರ ಗುಡಿಯಲ್ಲಿ ಹಲಗೆ ಕೊಡುವ ಕಿಟಕಿಯಲ್ಲಿ ತಂದೆಯೇ ಕೂತು ತಡಕಾಡುತ್ತಿದ್ದರು. ಜನ ಗೊಣಗುತ್ತಿದ್ದರು.

“ಎಲ್ಲಿ ಹಾಳಾಗಿ ಹೋಗಿದ್ದೆ? ಹಲಗೆ ಎಲ್ಲಿಟ್ಟಿದ್ದೀಯ?”

“ಎಡಗಡೆ ಗೂಡಲ್ಲಿ,” ಎಂದಳು ಚಿಗುಸಾ. ಒಳಗೆ ಹೋಗಲಿಲ್ಲ. ಸರದಿಯ ಕೊನೆಗೆ ನಡೆದು, ಎಲ್ಲರ ಹಿಂದೆ ನಿಂತಳು.

ಅವಳ ಪಾಳಿ ಬಂದಾಗ ತಂದೆಯ ಕೈ ಹಲಗೆಯ ಮೇಲೇ ನಿಂತಿತು.

“ಕೊಡಪ್ಪ. ಇಲ್ಲದಿದ್ರೆ ನಿನ್ನ ಗುಡೀಗೆ ಬರೋರೇ ಇರಲ್ಲ. ಹಲ್ಲಿನ ಡಾಕ್ಟ್ರು ಆಗಲೇ ಹೋಗಿಯಾಯ್ತು.”

ಅಷ್ಟರಲ್ಲಿ ಹಿಂದೆ ಬಂದು ಸೇರಿದ್ದವನೊಬ್ಬ ಕೂಗಿದ: “ಬೇಗ ಕೊಟ್ಟು ಕಳಿಸ್ರಪ್ಪ, ಬಸ್ಸಿದೆ ನಂಗೆ!”

ತಂದೆ ಕಣ್ಣೆತ್ತದೆ ಕೊಟ್ಟರು. ಚಿಗುಸಾ ತನ್ನ ಹೆಸರನ್ನೂ ಕಾಲೇಜಿನ ಹೆಸರನ್ನೂ ಪೆನ್ನಿನ ಮೊನೆ ಚಪ್ಪಟೆಯಾಗುವಷ್ಟು ಒತ್ತಿ ಬರೆದಳು.