ಎಡಗಡೆಯ ಸೀಟು

ನಾನು ಒಂದು ಕಾರು. ಬಿಳಿ ಬಣ್ಣ, ಐದು ಬಾಗಿಲು, ಪೆಟ್ರೋಲ್ ಎಂಜಿನ್. ಈಗ ಮೈಸೂರಿನ ಒಂದು ಬೇಕರಿಯ ಹಿತ್ತಲಲ್ಲಿ, ತಗಡಿನ ಚಾವಣಿಯ ಕೆಳಗೆ ನಿಂತಿದ್ದೇನೆ. ವಯಸ್ಸಾದ ಮೇಲೆ ಸಿಟ್ಟು ತಾನಾಗಿ ಇಳಿಯುತ್ತದೆ ಎನ್ನುತ್ತಾರೆ. ಹಾಗೆಂದವರು ಯಾರೋ ಅವರನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಬನ್ನಿ. ನನ್ನ ಬಾಗಿಲು ತೆರೆದು ಎಡಗಡೆ ನೋಡಲಿ. ಅಲ್ಲಿ ಸೀಟು ಇಲ್ಲ. ಯಾಕಿಲ್ಲ ಎಂಬುದನ್ನೇ ನಾನೀಗ ಹೇಳಹೊರಟಿದ್ದೇನೆ.

ನಾನು ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ನನ್ನ ಹಿಂದೆಯೂ ಮುಂದೆಯೂ ನನ್ನಂಥವೇ ಸಾಲುಗಟ್ಟಿದ್ದವು. ಒಬ್ಬ ಬಂದು ಬಾಗಿಲು ಜೋಡಿಸಿದ, ಇನ್ನೊಬ್ಬ ಗಾಜು ಕೂರಿಸಿದ. ಕೊನೆಗೆ ಸೀಟುಗಳು ಬಂದವು. ಮುಂದೆ ಎರಡು, ಹಿಂದೆ ಮೂರು ಜನ ಕೂರುವಂಥದ್ದು ಒಂದು. ಅವು ಕೂತ ಮೇಲೆಯೇ ನನಗೆ ನಾನು ಪೂರ್ತಿಯಾದೆ ಅನಿಸಿದ್ದು. ಜನರನ್ನು ಕೂರಿಸಿಕೊಂಡು ಹೋಗುವುದು ನನ್ನ ಕೆಲಸ ಎಂದು ಅಂದೇ ತಿಳಿದುಕೊಂಡೆ.

ನನ್ನನ್ನು ಕೊಂಡವಳು ಇಂದುಮತಿ. ಅವಳ ಗಂಡ ಬೇಕರಿಯ ಓವನ್ ನೋಡಿಕೊಳ್ಳುತ್ತಿದ್ದರು. ಕೇಕು ಮನೆಮನೆಗೆ ಮುಟ್ಟಿಸುವ ಕೆಲಸ ಇವಳದು. ಮೊದಲ ದಿನವೇ ನನಗೆ ಬೆಣ್ಣೆ ಎಂದು ಹೆಸರಿಟ್ಟಳು. ಮೂರು ಅಂತಸ್ತಿನ ಕೇಕನ್ನು ಹಿಂದೆ ಇಟ್ಟುಕೊಂಡು ಊರೆಲ್ಲ ಸುತ್ತುವುದೆಂದರೆ ಹುಡುಗಾಟವಲ್ಲ. ತಿರುವಿನಲ್ಲಿ ಒಂಚೂರು ಜೋರಾಗಿ ಬ್ರೇಕ್ ಒತ್ತಿದರೆ ಮೇಲಿನ ಅಂತಸ್ತು ಕೆಳಗಿನದರ ಮೇಲೆ ಬಿತ್ತು ಎಂದೇ ಲೆಕ್ಕ. ಇಂದುಮತಿ ತಿರುವಿಗೆ ಮೊದಲೇ ಮೆಲ್ಲಗೆ ಬ್ರೇಕ್ ಒತ್ತಿ, ಸ್ಟೀರಿಂಗನ್ನು ಒಂದೇ ಸಲ ತಿರುಗಿಸಿ, ಆಚೆ ಬರುವಾಗ ಗಾಡಿಯನ್ನು ಬಿಡುತ್ತಿದ್ದಳು. ಹಾಗಂತ ನಿಧಾನ ಓಡಿಸುವವಳಲ್ಲ. ಚಾಮುಂಡಿ ಬೆಟ್ಟದಲ್ಲಿ ಬುಲೆಟ್ ಹುಡುಗರು ನಮ್ಮ ಹಿಂದೆಯೇ ಉಳಿಯುತ್ತಿದ್ದರು, ಕೇಕಿನ ಮೇಲಿನ ಕ್ರೀಮು ಮಾತ್ರ ಇದ್ದ ಹಾಗೇ ಇರುತ್ತಿತ್ತು.

ಬೆಟ್ಟ ಇಳಿಯುವಾಗ ಒಮ್ಮೆ ಎದುರಿಗೆ ಬಸ್ಸು ಬಂತು. ಬದಿಗೆ ಸರಿದು ನಿಂತಾಗ ಅವಳು ನನ್ನ ಸ್ಟೀರಿಂಗ್ ತಟ್ಟಿ ಹೇಳಿದಳು. “ಎದುರಿಗೆ ಯಾವ ಬಸ್ಸೂ ಬರದೇ ಇರೋ ರಸ್ತೇಲಿ ನಿನ್ನ ಒಂದ್ಸಲ ಓಡಿಸ್ಬೇಕು ಕಣೇ ಬೆಣ್ಣೆ.”

ಅವಳ ಆಸೆ ಅಷ್ಟೇ. ಆ ಆಸೆಯನ್ನು ಹಿಡಿದುಕೊಂಡೇ ಅವಳ ತಮ್ಮ ಲೋಹಿತ ನಮ್ಮ ಬಾಳಿನೊಳಗೆ ನುಗ್ಗಿದ.

ಲೋಹಿತನಿಗೆ ರೇಸಿನ ಹುಚ್ಚು. ರೇಸಿಗಿಂತ ರೇಸಿನವನು ಎನಿಸಿಕೊಳ್ಳುವ ಹುಚ್ಚು ಹೆಚ್ಚು. ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಹವ್ಯಾಸಿಗಳಿಗೂ ಒಂದು ದಿನ ಸ್ಪರ್ಧೆ ಇದೆ, ರಸ್ತೆಯ ಕಾರನ್ನೇ ತಯಾರು ಮಾಡಿಕೊಂಡು ಹೋಗಬಹುದು ಎಂದು ಎಲ್ಲೋ ಕೇಳಿಕೊಂಡು ಬಂದ. “ಅಕ್ಕ, ಬೆಣ್ಣೇನ ಕೊಡೇ. ಅಲ್ಲಿ ಎದುರಿಗೆ ಬಸ್ಸೂ ಇಲ್ಲ, ಲಾರೀನೂ ಇಲ್ಲ. ಇಬ್ರೂ ಓಡ್ಸೋಣ. ಅರ್ಧ ನಂದು, ಅರ್ಧ ನಿಂದು,” ಎಂದ. ಇಂದುಮತಿ ಬೀಗದ ಕೈ ಕೊಟ್ಟುಬಿಟ್ಟಳು. ಬೇಕರಿಗೆ ಬಾಡಿಗೆ ಗಾಡಿ ಗೊತ್ತು ಮಾಡಿಕೊಂಡಳು.

ನಾನು ಬನ್ನಿಮಂಟಪದ ಅಫ್ರೋಜನ ಗ್ಯಾರೇಜಿಗೆ ಹೋದೆ. ಅಲ್ಲಿ ನನ್ನನ್ನು ಬಿಚ್ಚಿದರು. ಭಾರ ಇಳಿಸಬೇಕಂತೆ, ಇಳಿಸಿದಷ್ಟೂ ವೇಗವಂತೆ. ಹಿಂದಿನ ಸೀಟು ಹೋಯಿತು. ಏಸಿ ಹೋಯಿತು. ನೆಲದ ಮ್ಯಾಟು, ಚಾವಣಿಯ ಬಟ್ಟೆ, ಟೇಪ್ ರೆಕಾರ್ಡರು, ಕೊನೆಗೆ ಹಾರ್ನು ಕೂಡ ಹೋಯಿತು. ಲೋಹಿತನ ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಅದನ್ನು ಇಳಿಸಿದ್ದರೆ ನನ್ನ ಅರ್ಧ ಸಾಮಾನು ಉಳಿಯುತ್ತಿತ್ತು. ಅಷ್ಟೆಲ್ಲ ಕಿತ್ತವನು ಮುಂದೆ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಅದರ ಭಾರ ಲೆಕ್ಕಕ್ಕಿಲ್ಲ ನೋಡಿ!

ಆಮೇಲೆ ತುಂಬುವ ಕೆಲಸ. ಮಗುಚಿದರೂ ಚಾವಣಿ ಜಜ್ಜಿಹೋಗದಂತೆ ಒಳಗೆ ಕಬ್ಬಿಣದ ಪಂಜರ ಕೂರಿಸಿದರು. ಗಟ್ಟಿ ಸ್ಪ್ರಿಂಗು, ಅಗಲದ ಟೈರು ಬಂದವು. ಅಫ್ರೋಜ ಲ್ಯಾಪ್‌ಟಾಪ್ ಹಚ್ಚಿ ನನ್ನ ಎಂಜಿನ್ ಎಷ್ಟು ಪೆಟ್ರೋಲು ಕುಡಿಯಬೇಕು, ಯಾವಾಗ ಕಿಡಿ ಹೊಡೆಯಬೇಕು ಎಂಬುದನ್ನೆಲ್ಲ ಬದಲಿಸಿದ. ಸೈಲೆನ್ಸರಿನ ಜಾಗಕ್ಕೆ ದಪ್ಪ ಕೊಳವೆ ಬಂತು. ನಾನು ಕೆಮ್ಮಿದರೆ ಬೀದಿನಾಯಿಗಳು ಊಳಿಡತೊಡಗಿದವು. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಯಿತು. ಕಾಲು ಹಗುರವಾದಂತೆ, ಎದೆ ದೊಡ್ಡದಾದಂತೆ ಅನಿಸಿತು.

“ಬ್ರೇಕ್ ಆಯಿಲ್ ಹಳೇದು ಲೋಹಿತಣ್ಣ. ಟ್ರ್ಯಾಕಲ್ಲಿ ಕಾದು ಕುದಿಯುತ್ತೆ. ಬದಲಾಯಿಸೋಣ,” ಎಂದ ಅಫ್ರೋಜ.

“ಓಡೋಕ್ಕೆ ಬೇಕಾದ್ರೆ ಕಾಸು ಸುರೀತೀನಿ. ನಿಲ್ಲೋಕ್ಕೆ ಯಾಕೋ?” ಎಂದು ನಕ್ಕ ಲೋಹಿತ.

ಅಫ್ರೋಜನೂ ನಕ್ಕ. ಅವನಿಗೂ ಶಬ್ದದ ಮೇಲೇ ಜೀವ. ಆ ಕಾಸಿನಲ್ಲಿ ಸ್ಟಿಕ್ಕರ್ ಬಂದವು. ಎರಡೂ ಪಕ್ಕದಲ್ಲಿ ‘ಕಾಳಿಂಗ’ ಎಂದು ಬರೆಸಿದ. ಕಿಟಕಿಯ ಗಾಜಿನ ಮೇಲೆ ಅವನ ಹೆಸರು, ಹೆಸರಿನ ಪಕ್ಕದಲ್ಲಿ ಅವನ ರಕ್ತದ ಗುಂಪು. ಓಡಿಸುವವನಿಗೆ ಏನಾದರೂ ಆದರೆ ಯಾವ ರಕ್ತ ಕೊಡಬೇಕೆಂದು ಹೊರಗಿನವರಿಗೆ ತಿಳಿಯಲಿ ಎಂದು ಹಾಗೆ ಬರೆಸುತ್ತಾರೆ. ಇಂದುಮತಿಯ ಹೆಸರು ಎಲ್ಲೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಅವನು ನನ್ನ ಎಡಗಡೆಯ ಸೀಟಿಗೆ ಸ್ಪ್ಯಾನರ್ ಹಾಕಿದ. ಅದೇ ಹೊತ್ತಿಗೆ ಇಂದುಮತಿ ಬಂದಳು.

“ಅದನ್ನ್ಯಾಕೋ ಕೀಳ್ತಿದ್ದೀಯ? ನಾನು ಎಲ್ಲಿ ಕೂರ್ಲಿ?”

“ಭಾರ ಕಣಕ್ಕ. ನೀನು ಅಫ್ರೋಜನ ವ್ಯಾನಲ್ಲಿ ಟೈರ್ ಜೊತೆ ಬಾ.”

“ಮತ್ತೆ ನಾನು ಓಡಿಸೋದು?”

“ಎಂಟ್ರಿ ಒಬ್ಬರ ಹೆಸರಲ್ಲೇ ಕೊಡೋದಂತೆ. ಮುಂದಿನ ಸಲ ನೋಡೋಣ ಬಿಡು.”

ನಾನು ಅವಳ ಗಾಡಿ, ಅವಳು ನನ್ನ ಒಡತಿ, ಅವಳಿಗೇ ಕೂರಲು ಜಾಗವಿಲ್ಲ! ಬೋಲ್ಟುಗಳು ಒಂದೊಂದಾಗಿ ಬಿಚ್ಚಿಕೊಂಡಾಗ ನನಗಾದ ಉರಿ ಅಷ್ಟಿಷ್ಟಲ್ಲ. ಕಿರುಚೋಣವೆಂದರೆ ಹಾರ್ನೂ ಇಲ್ಲ. ಇಂದುಮತಿಯ ಮುಖ ಕೆಂಪಾಯಿತು. ಅಲ್ಲಿಂದ ಹೊರಟುಹೋದಳು. ಆದರೂ ಮಾರನೇ ದಿನ ಬಂದಳು, ಎಲ್ಲರಿಗೂ ಪುಳಿಯೋಗರೆ ಕಟ್ಟಿಕೊಂಡು ಬಂದಳು. ಅಕ್ಕಂದಿರ ಈ ಬುದ್ಧಿಗೆ ನನಗೆ ಇವತ್ತಿಗೂ ಸಿಟ್ಟಿದೆ.

ಟ್ರ್ಯಾಕಿನಲ್ಲಿ ಒಬ್ಬೊಬ್ಬರಿಗೆ ಎರಡು ಸರದಿ, ಎರಡರಲ್ಲಿ ಒಳ್ಳೆಯದೇ ಲೆಕ್ಕ. ಲೋಹಿತ ಮೊದಲ ಸರದಿಗೆ ಹೊರಟ. ತಿರುವು ಮೂಗಿಗೆ ಮುಟ್ಟುವ ತನಕ ಆಕ್ಸಿಲರೇಟರ್ ತುಳಿಯುತ್ತಿದ್ದ, ಆಮೇಲೆ ಎರಡು ಕಾಲಲ್ಲೂ ಬ್ರೇಕಿನ ಮೇಲೆ ಬೀಳುತ್ತಿದ್ದ. ನನ್ನ ಚಕ್ರಗಳ ಹತ್ತಿರ ಸುಟ್ಟ ವಾಸನೆ ಎದ್ದಿತು. ಮೂರನೇ ಸುತ್ತಿನಲ್ಲಿ ಅವನು ಪೆಡಲ್ ಒತ್ತಿದ, ಅದು ನೆಲ ಮುಟ್ಟಿತು. ಆಯಿಲ್ ಕುದಿದು ಗಾಳಿ ತುಂಬಿಕೊಂಡಿತ್ತು. ನಿಲ್ಲಬೇಕೆಂದು ನನಗೂ ಇತ್ತು, ಯಾವುದರಿಂದ ನಿಲ್ಲಲಿ? ತಿರುವಿನಾಚೆ ಹರಡಿದ್ದ ಜಲ್ಲಿಯೊಳಗೆ ನುಗ್ಗಿ, ಹೊಟ್ಟೆ ಉಜ್ಜಿಕೊಂಡು ನಿಂತೆವು.

ಅವನಿಗೆ ಒಂದು ಗೀರೂ ಆಗಲಿಲ್ಲ. ಕೆಳಗಿಳಿದು ಮೊದಲು ವಾಂತಿ ಮಾಡಿದ, ಆಮೇಲೆ ನನ್ನ ಚಕ್ರಕ್ಕೆ ಒದ್ದ. “ದರಿದ್ರದ ಗಾಡಿ,” ಎಂದ. ಥೂ!

ನನ್ನನ್ನು ಎಳೆದು ತಂದು ನಿಲ್ಲಿಸಿದರು. ಅಫ್ರೋಜ ನಗುವುದನ್ನು ಬಿಟ್ಟು ಹೊಸ ಆಯಿಲ್ ಡಬ್ಬಿ ತಂದ. ಬ್ರೇಕಿನ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ತಿರುಪು ಬಿಚ್ಚಿ ಮುಚ್ಚಬೇಕು. ಲೋಹಿತ ಒಳಗೆ ಕೂರಲು ಒಪ್ಪಲಿಲ್ಲ. ಹಾಗಾಗಿ ಇಂದುಮತಿ ಒಳಗೆ ಬಂದು ಕೂತಳು. ಎಷ್ಟು ದಿನವಾಗಿತ್ತು ಅವಳ ಕಾಲು ನನ್ನ ಪೆಡಲಿನ ಮೇಲೆ ಬಿದ್ದು!

“ಒತ್ತಕ್ಕ. ಹಿಡ್ಕೋ. ಬಿಡು. ಮತ್ತೆ ಒತ್ತು,” ಎನ್ನುತ್ತ ಅಫ್ರೋಜ ಒಂದೊಂದೇ ಚಕ್ರ ಸುತ್ತಿದ. ಗುಳ್ಳೆಗಳು ಹೊರಬಂದವು. ಪೆಡಲ್ ಅವಳ ಕಾಲಿನಡಿ ಗಟ್ಟಿಯಾಗುತ್ತ ಬಂತು. “ಈಗ ಸರಿಹೋಯ್ತು,” ಎಂದಳು ಅವಳು.

ಎರಡನೇ ಸರದಿಗೆ ಕರೆ ಬಂತು. ಮೈಸೂರಿನಿಂದ ಬಂದ ಗೆಳೆಯರು ಗ್ಯಾಲರಿಯಲ್ಲಿ ಕೂತು “ಲೋಹಿ! ಲೋಹಿ!” ಎಂದು ಕೂಗುತ್ತಿದ್ದರು. ಲೋಹಿತ ಕಿಟಕಿಗೆ ಬಗ್ಗಿದ.

“ಅಕ್ಕ, ನನ್ ಕೈಲಿ ಆಗಲ್ಲ. ನೀನೇ ಹೋಗ್ಬಿಡು. ನನ್ನ ಹೆಲ್ಮೆಟ್ ಹಾಕ್ಕೋ, ಯಾರ್ಗೂ ಗೊತ್ತಾಗಲ್ಲ.”

“ಗೊತ್ತಾಗ್ಬೇಕು ಕಣೋ. ನನ್ನ ಹೆಸರು ಹೇಳು, ಹೋಗ್ತೀನಿ.”

“ಈಗ ಹೇಳಿದ್ರೆ ಬಿಡಲ್ಲ. ಆಮೇಲೆ ಮೈಕಲ್ಲೇ ಹೇಳ್ತೀನಿ. ಅಮ್ಮನ ಆಣೆಗೂ.”

ಇಂದುಮತಿ ಮುಂದಿದ್ದ ಖಾಲಿ ರಸ್ತೆಯನ್ನು ನೋಡಿದಳು. ಎದುರಿಗೆ ಬಸ್ಸಿರಲಿಲ್ಲ. ಅವನ ಅಂಗಿ ತೊಟ್ಟಳು, ಇನ್ನೊಬ್ಬ ಇಂದುಮತಿ ಹಿಡಿಸುವಷ್ಟು ಜಾಗ ಅದರಲ್ಲಿತ್ತು. ಒಳಗೆ ಅವಳು, ಗಾಜಿನ ಮೇಲೆ ಅವನ ಹೆಸರು, ಅವನ ರಕ್ತ. ಅವಳದು ಬೇರೆ ಗುಂಪು. ಆ ಮಹಾನುಭಾವನಿಗೆ ಅದು ಹೊಳೆಯಲೇ ಇಲ್ಲ.

ನಾವು ಓಡಿದೆವು. ಅವಳು ನನ್ನನ್ನು ಕಿರುಚಾಡಿಸದೆ ಓಡಿಸಿದಳು. ತಿರುವಿಗೆ ಮೊದಲು ಮೆಲ್ಲಗೆ ಬ್ರೇಕು, ಸ್ಟೀರಿಂಗು ಒಂದೇ ಸಲ, ಆಚೆ ಬರುವಾಗ ಪೂರ್ತಿ ಬಿಟ್ಟಳು. ಹಿಂದೆ ಕೇಕು ಇದೆಯೆಂದೇ ನನಗೆ ಅನಿಸಿತು. ಗಟ್ಟಿ ಸ್ಪ್ರಿಂಗು, ಅಗಲದ ಟೈರು, ಬದಲಾದ ಎಂಜಿನ್, ಎಲ್ಲಕ್ಕೂ ಆಗ ಅರ್ಥ ಬಂತು. ಹೆಲ್ಮೆಟ್ಟಿನೊಳಗೆ ಅವಳು ನಗುತ್ತಿದ್ದಳು. ನನ್ನ ಜೀವಮಾನದ ಸುಖವೆಲ್ಲ ಆ ಕೆಲವು ಸುತ್ತುಗಳಲ್ಲೇ ಇದೆ.

ಹೊಸಬರಲ್ಲಿ ಎರಡನೇ ಸ್ಥಾನ ಎಂದು ಮೈಕಿನಲ್ಲಿ ಕೂಗಿದರು. ಲೋಹಿತನ ಹೆಸರು ಕರೆದರು. ಅವಳು ಕಳಚಿಕೊಟ್ಟ ಅಂಗಿ ತೊಟ್ಟು ಅವನು ವೇದಿಕೆ ಹತ್ತಿ ಕಪ್ಪು ಎತ್ತಿ ಹಿಡಿದ. ಮೈಕು ತೆಗೆದುಕೊಂಡ. ಅಫ್ರೋಜನಿಗೆ ಥ್ಯಾಂಕ್ಸ್ ಹೇಳಿದ, ಗೆಳೆಯರಿಗೆ ಹೇಳಿದ. “ಮೊದಲು ಸ್ವಲ್ಪ ಎಡವಿದೆ, ಆದ್ರೆ ಸೋಲೊಪ್ಪಲಿಲ್ಲ,” ಎಂದ. ಮೈಕು ಕೊಟ್ಟು ಇಳಿದ. ಇಂದುಮತಿ ಕೆಳಗೆ ಪುಳಿಯೋಗರೆಯ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ಅಫ್ರೋಜ ನೆಲ ನೋಡುತ್ತಿದ್ದ.

ಅವಳು ನೇರ ನನ್ನ ಹತ್ತಿರ ಬಂದಳು. ಚೀಲದಿಂದ ಕೇಕು ಕತ್ತರಿಸುವ ಚಾಕು ತೆಗೆದು ಗಾಜಿನ ಮೇಲಿದ್ದ ಅವನ ಹೆಸರನ್ನು ಪರಪರ ಕೆರೆದಳು. ಆಮೇಲೆ ಒಳಗೆ ಕೂತು ಬೆಲ್ಟು ಬಿಗಿದಳು. ಲೋಹಿತ ಕಪ್ಪು ಹಿಡಿದುಕೊಂಡು ಓಡಿಬಂದ.

“ಇಳಿಯಕ್ಕ, ನಾನು ಓಡಿಸ್ತೀನಿ. ಊರಲ್ಲಿ ಹುಡುಗರು ಹಾರ ತಂದು ಕಾಯ್ತಿದ್ದಾರೆ.”

“ಇಳಿಯಲ್ಲ.”

“ಮತ್ತೆ ನಾನೆಲ್ಲಿ ಕೂರ್ಲಿ?”

“ನೀನು ಕಿತ್ತಿದ್ದೀಯಲ್ಲ, ಆ ಸೀಟಲ್ಲಿ ಕೂತ್ಕೋ. ಗ್ಯಾರೇಜಲ್ಲಿದೆ, ಹೋಗು.”

ಮೈಸೂರಿಗೆ ಮರಳುವಾಗ ದಿಂಬಂ ಘಾಟಿಯ ತಿರುವುಗಳನ್ನೆಲ್ಲ ನಾವಿಬ್ಬರೇ ಹತ್ತಿದೆವು. ಅವಳು ದಾರಿಯುದ್ದಕ್ಕೂ ಅವನನ್ನು ಬೈದಳು, ಅತ್ತಳು, ಮತ್ತೆ ಬೈದಳು. ನಾನು ದಪ್ಪ ಕೊಳವೆಯಿಂದ ಹೂಂಗುಟ್ಟುತ್ತಿದ್ದೆ.

ಆಮೇಲೆ ವರ್ಷಗಟ್ಟಲೆ ಬೇಕರಿಯ ಕೆಲಸವನ್ನೇ ಮಾಡಿದೆ. ಪಂಜರದ ನಡುವೆ ಕೇಕಿನ ಪೆಟ್ಟಿಗೆಗಳು ಭದ್ರವಾಗಿ ಕೂರುತ್ತಿದ್ದವು. ಕೊನೆಗೆ ಎಂಜಿನ್ ಸೋತಿತು. ಹೊಸ ವ್ಯಾನು ಬಂತು, ನಾನು ಹಿತ್ತಲಿಗೆ ಬಂದೆ. ಗುಜರಿಯವನು ಎರಡು ಸಲ ಬಂದು ಕೇಳಿದ. ಇಂದುಮತಿ ಎರಡು ಸಲವೂ ಅವನನ್ನು ಓಡಿಸಿದಳು.

ನನ್ನ ಎಡಗಡೆಯ ಸೀಟನ್ನು ಲೋಹಿತ ಮನೆಗೆ ಒಯ್ದು, ಮರದ ಕಾಲು ಬಡಿಸಿ, ಜಗಲಿಯಲ್ಲಿ ಹಾಕಿಕೊಂಡಿದ್ದಾನಂತೆ. ಸಂಜೆ ಅದರ ಮೇಲೆ ಕೂತು, ಗಾಜಿನ ಬೀರುವಿನಲ್ಲಿರುವ ಕಪ್ಪು ತೋರಿಸಿ, ಆ ದಿನದ ಕಥೆ ಹೇಳುತ್ತಾನಂತೆ. ಅಫ್ರೋಜನೇ ಬಂದು ಇಂದುಮತಿಗೆ ಹೇಳಿದ್ದು. ನನ್ನದೇ ಸೀಟಿನ ಮೇಲೆ ಕೂತು!

ಪ್ರತಿ ಗೌರಿ ಹಬ್ಬಕ್ಕೆ ಅವನು ತವರಿನ ಬಾಗಿನವನ್ನು ಬೇರೆಯವರ ಕೈಲಿ ಕಳಿಸುತ್ತಿದ್ದ. ಈ ವರ್ಷ ತಾನೇ ಬಂದ. ಆಟೊದಿಂದ ಬಾಗಿನ ಇಳಿಸಿದ, ಆಮೇಲೆ ನನ್ನ ಸೀಟನ್ನೂ ಇಳಿಸಿದ. ಮರದ ಕಾಲು ಬಿಚ್ಚಿಸಿದ್ದ. ತಲೆ ನರೆತಿತ್ತು. ಸುಳ್ಳೇಕೆ, ಒಂದು ಕ್ಷಣ ನನಗೂ ಎದೆ ಮೆತ್ತಗಾಯಿತು.

“ಇದನ್ನ ಹಾಕ್ಬಿಡೋಣ ಅಕ್ಕ. ಸಾಕು ಈ ಜಗಳ.”

ಇಂದುಮತಿ ಬಾಗಿನವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. “ಇದು ಗೌರಮ್ಮಂದು. ಬೇಡ ಅನ್ನಲ್ಲ. ಸೀಟು ಹಾಕೋ ಮುಂಚೆ ಹೇಳು, ಅವತ್ತು ಯಾರು ಓಡ್ಸಿದ್ದು?”

“ನೀನೇ ಕಣಕ್ಕ. ಅದನ್ನ ಇಲ್ಲ ಅಂದ್ನಾ?”

“ನಂಗ್ಯಾಕೋ ಹೇಳ್ತೀಯ, ನಂಗೊತ್ತಿಲ್ವಾ? ನಿನ್ನ ಜಗಲಿ ಮೇಲೆ ಕೂತು ಕೇಳ್ತಾರಲ್ಲ, ಅವ್ರಿಗೆ ಹೇಳು. ಹೇಳಿ ಬಾ. ಸ್ಪ್ಯಾನರ್ ನಾನೇ ಹಿಡೀತೀನಿ.”

ಲೋಹಿತ ಬಗ್ಗಿ ಸೀಟನ್ನು ಎತ್ತಿಕೊಂಡು ಆಟೊಗೆ ಹಾಕಿದ. ಆಟೊ ಹೋಯಿತು.

ಸೀಟು ಬೇಡವೇ ಎಂದರೆ ನನಗೆ ಬೇಕು. ಅದಿಲ್ಲದೆ ನಾನು ಪೂರ್ತಿಯಾಗುವುದಿಲ್ಲ. ಆದರೆ ಒಂದು ಹೆಸರು ಹೇಳಲಾಗದವನ ಕೈಯಿಂದ ಅದು ಬರುವುದಾದರೆ ಬರದಿರಲಿ. ನಾನು ಭಾರವಿಲ್ಲದೆ ಓಡಿದವಳು, ಖಾಲಿ ಇರುವುದು ನನಗೆ ಅಭ್ಯಾಸವಾಗಿದೆ.

ಇಂದುಮತಿ ಬಂದು ನನ್ನ ಬಾಗಿಲು ತೆರೆದಳು. ಬಾಗಿನದ ಮೊರವನ್ನು ಎಡಗಡೆಯ ನೆಲದ ಮೇಲೆ, ಬೋಲ್ಟಿನ ತೂತುಗಳ ನಡುವೆ ಇಟ್ಟಳು. ತನ್ನ ಸೀಟಿನಲ್ಲಿ ಕೂತು, ಬ್ರೇಕಿನ ಪೆಡಲನ್ನು ಒಮ್ಮೆ ಒತ್ತಿ ನೋಡಿದಳು. ಇನ್ನೂ ಗಟ್ಟಿಯಾಗಿತ್ತು.