ಎಂಟನೆಯ ಮಹಡಿಯ ಇತಿಹಾಸ

ಬೀದರಿನ ನಡುಪೇಟೆಯಲ್ಲಿರುವ ಬೀಜದ ಕಂಪನಿಯ ಮುಖ್ಯ ಕಚೇರಿಗೆ ಹನ್ನೊಂದು ಮಹಡಿ. ಅದರ ಗಾಜು ಹೊಳೆಯುವುದು ಊರಂಚಿನ ನೌಬಾದಿಗೂ ಕಾಣುತ್ತದೆ. ಬಾಡಿಗೆಗೆಂದು ಖಾಲಿ ಬಿಟ್ಟ ಎಂಟನೆಯ ಮಹಡಿಗೆ ಮಾತ್ರ ಯಾರೂ ಬರುವುದಿಲ್ಲ. ಕಟ್ಟುವಾಗ ಅಲ್ಲಿಂದ ಒಬ್ಬ ಗೌಂಡಿ ಬಿದ್ದು ಸತ್ತನೆಂದು ಊರಿಗೆಲ್ಲ ಗೊತ್ತು. ಅದಕ್ಕೇ ಇಪ್ಪತ್ತೈದನೆಯ ವರ್ಷಕ್ಕೆ ಕಟ್ಟಡದ ಇತಿಹಾಸದ ವಿಡಿಯೊ ಮಾಡಿಸಲು ಕಂಪನಿ ನಿರ್ಧರಿಸಿತು.

ಸತ್ತ ಗೌಂಡಿ ವೈಜಿನಾಥನ ಹೆಂಡತಿ ಗುರಮ್ಮ ಈಗ ಅಲ್ಲಿಯೇ ಕಸ ಗುಡಿಸುತ್ತಾಳೆ. ಆಗ ಅಲ್ಲಿಯೇ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದಳು, ಐದು ತಿಂಗಳ ಬಸುರಿ.

ಮ್ಯಾನೇಜರ್ ಅವಿನಾಶ ಅವಳನ್ನು ಕುರ್ಚಿಯಲ್ಲಿ ಕೂಡಿಸಿದ. ಆ ಕಟ್ಟಡದಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

"ಇಲ್ಲಿ ಯಾರೂ ಸತ್ತಿಲ್ಲ ಅನ್ನು, ಸಾಕು. ನಿನ್ನ ಗಂಡ ಮತ್ತೊಬ್ಬಾಕಿ ಕೂಡ ಹೈದ್ರಾಬಾದಿಗಿ ಓಡಿ ಹೋದಾ ಅಂತ ಹೇಳು. ನಿನ್ನ ಮಗಳಿಗಿ ಕೆಳಗ ರಿಸೆಪ್ಶನ್‌ದಾಗ ಕೂಡಸ್ತೇನಿ. ಪರ್ಮನೆಂಟ್."

"ಸತ್ತಾಂವಗ ಹ್ಯಾಂಗ ಓಡಸ್ಲಿರಿ, ಸಾಹೇಬ್ರ?"

ಕ್ಯಾಮೆರಾದ ಹಿಂದಿದ್ದ ಮುಬಶ್ಶೀರ ನಕ್ಕುಬಿಟ್ಟ. ಮಗಳು ಶೀತಲ ನಗಲಿಲ್ಲ. ಬಿ.ಕಾಂ. ಮುಗಿಸಿ ಮೂರು ವರ್ಷ ಸೀರೆ ಅಂಗಡಿಯಲ್ಲಿ ನಿಂತೇ ದಿನ ಕಳೆದವಳು.

"ಅವ್ವಾ, ನಾ ಅಪ್ಪಗ ನೋಡೇ ಇಲ್ಲ," ಎಂದಳು. "ಸತ್ತರೇನು, ಓಡಿದರೇನು? ನನಗ ಕುರ್ಚಿ ಬೇಕು."

ಗುರಮ್ಮ ಅವಿನಾಶ ಹೇಳಿಕೊಟ್ಟಂತೆಯೇ ಹೇಳಿದಳು. ಧ್ವನಿ ಸಣ್ಣದಾಯಿತೆಂದು ಮುಬಶ್ಶೀರ ಮತ್ತೆ ಹೇಳಿಸಿದ. ಮೂರನೆಯ ಸಲಕ್ಕೆ ಆ ಇನ್ನೊಬ್ಬಳಿಗೆ ಹಸಿರು ಸೀರೆ, ಮುತ್ತಿನ ನತ್ತು ಎಲ್ಲ ಬಂದವು. ಹೊಟ್ಟೆಯಲ್ಲಿ ಮಗಳನ್ನಿಟ್ಟು ಹೋದನೆಂದು ಗಂಡನನ್ನು ಬೈಯತೊಡಗಿದಾಗ ಆ ಬೈಗುಳ ಎಷ್ಟು ನಿಜವಾಗಿತ್ತೆಂದರೆ, ಅವಿನಾಶನೇ ಕಣ್ಣು ತಗ್ಗಿಸಿದ.

ವಿಡಿಯೊ ಎಲ್ಲರ ಫೋನಿಗೂ ಹೋಯಿತು. ಎಂಟನೆಯ ಮಹಡಿಗೆ ಕೋಚಿಂಗ್ ಕ್ಲಾಸಿನವರು ಬಂದರು. ಶೀತಲ ನೀಲಿ ಕೋಟು ಹಾಕಿಕೊಂಡು ಗಾಜಿನ ಬಾಗಿಲಿನ ಎದುರು ಕೂತಳು.

ವೈಜಿನಾಥನ ಹಳ್ಳಿ ಖಟಕ ಚಿಂಚೋಳಿಯಲ್ಲಿ ಯಾರೋ ಆ ವಿಡಿಯೊವನ್ನು ಅವನ ತಾಯಿ ಕಾಂತಾಬಾಯಿಗೆ ತೋರಿಸಿದರು. ಮರುದಿನ ಅವಳು ಭಾಲ್ಕಿಗೆ ಬಂದು, ಬಸ್ಸು ಬದಲಿಸಿ, ಬೀದರಿನಲ್ಲಿ ಇಳಿದಳು. ಮೊಮ್ಮಗಳ ಮೇಜಿನ ಮುಂದೆಯೇ ಸೊಸೆಯ ಕೈ ಹಿಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಅವತ್ತ ನನಗ ಮಾರಿ ತೋರಸ್ಲಿಲ್ಲ. ಬಟ್ಟಿ ಬಿಚ್ಚಬ್ಯಾಡ, ನೋಡಂಗಿಲ್ಲ ಅಂದ್ರು. ಇಂವ ನನ್ನ ಮಗ ಅಲ್ಲ ಅಂತ ನಾ ಆವಾಗೇ ಅಂದಿದ್ದೆ. ಯಾರದೋ ಹೆಣಕ್ಕ ವಿಭೂತಿ ಹಚ್ಚಿ ಮಣ್ಣು ಕೊಟ್ಟೇವಲ್ಲ, ಗುರಮ್ಮಾ! ಎಲ್ಲಿದ್ದಾನ ಹೇಳು. ನಾ ಬೈಯಂಗಿಲ್ಲ. ಆಕಿಗೂ ಬೈಯಂಗಿಲ್ಲ."

ಆ ಬಟ್ಟೆ ಕಟ್ಟಿದವಳು ಗುರಮ್ಮನೇ. ಅದರೊಳಗೆ ಮುಖವೆಂಬುದು ಉಳಿದಿರಲಿಲ್ಲ.

"ಅತ್ತೀ…" ಎಂದು ಬಾಯಿ ತೆರೆದಳು. ಲಿಫ್ಟಿನಿಂದ ಅವಿನಾಶ ಹೊರಬರುತ್ತಿದ್ದ, ಜೊತೆಗೆ ಕೋಚಿಂಗ್ ಕ್ಲಾಸಿನವರು.

ಶೀತಲ ತಾಯಿಯನ್ನು ಒಮ್ಮೆ ನೋಡಿದಳು. ಕಂಪನಿಯ ಹೆಸರಿದ್ದ ಪ್ಯಾಡಿನಿಂದ ಒಂದು ಚೀಟಿ ಹರಿದು, ಅದರ ಮೇಲೆ ಎಲ್ಲಿಯೂ ಇಲ್ಲದ ಒಂದು ಗಲ್ಲಿಯ ಹೆಸರನ್ನು ಸ್ಫುಟವಾಗಿ ಬರೆದಳು.

"ಆಯಿ, ಇದು ಅಪ್ಪನ ಪತ್ತಾ. ಹೈದ್ರಾಬಾದದಾಗ ಇಳದು ಯಾರಿಗರೆ ತೋರಸು, ಒಯ್ದು ಬಿಡ್ತಾರ."

ಓದಲು ಬಾರದ ಮುದುಕಿ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. "ನಿನ್ನ ಮಾರಿ ಥೇಟ್ ಅಂವಂದೇ ಅದ, ಪೋರಿ," ಎಂದಳು.

ಗುರಮ್ಮ ಅತ್ತೆಯನ್ನು ಹೈದರಾಬಾದಿನ ಬಸ್ಸಿಗೆ ಹತ್ತಿಸಿ ಕಿಟಕಿಯ ಪಕ್ಕ ಕೂಡಿಸಿದಳು. ಕೆಳಗಿಳಿಯುವ ಮೊದಲು ಕಂಡಕ್ಟರನಿಗೆ ಹೇಳಿದಳು:

"ಸಂಭಾಳಿಸಿ ಇಳಸ್ರಿ, ಅಣ್ಣಾರ. ಮಗನ ಮನಿಗಿ ಹೊಂಟಾಳ."