ಮಾವನ ಗಡ್ಡ

"ಕತ್ತರಿ ಬೇಡ, ಕತ್ತಿ ತಗೊಳ್ಳಿ ಅಳಿಯಂದ್ರೇ," ಎಂದು ಮಾವ ಕುರ್ಚಿಗೆ ಒರಗಿ ಗಲ್ಲ ಮೇಲೆತ್ತಿದರು. ಮೂರು ದಿನದ ಬಿಳಿ ಗಡ್ಡ.

ಅಳಿಯನ ಕೈ ಮುಂದೆ ಹೋಗಲಿಲ್ಲ. ಎರಡು ವರ್ಷದ ಹಿಂದೆ ತನ್ನ ಇದೇ ಕ್ಷೌರದಂಗಡಿಯಲ್ಲಿ, ಗಿರಾಕಿಯೊಬ್ಬನ ಕೆನ್ನೆಗೆ ನೊರೆ ಹಚ್ಚುತ್ತಿದ್ದಾಗಲೇ ಅವನು ಮೂರ್ಛೆ ಬಂದು ಬಿದ್ದಿದ್ದ. ಮೂರ್ಛೆರೋಗ ಮರುಕಳಿಸದಿರಲೆಂದು ಆಮೇಲೆ ಡಾಕ್ಟರು ಅವನ ಎದೆಯ ಚರ್ಮದಡಿ ಪುಟ್ಟದೊಂದು ಯಂತ್ರ ಕೂರಿಸಿ, ಅದರ ತಂತಿಯನ್ನು ಕುತ್ತಿಗೆಯ ನರಕ್ಕೆ ಸುತ್ತಿದರು. ಐದು ನಿಮಿಷಕ್ಕೊಮ್ಮೆ ಅದು ನರವನ್ನು ಮಿಡಿಯುತ್ತದೆ. ಆ ಅರ್ಧ ನಿಮಿಷ ಅವನ ದನಿ ಒಡೆದು ಗೊಗ್ಗರಾಗುತ್ತದೆ. ಹೆಂಡತಿಯಂತೂ ಮೊಟ್ಟೆ ಬೇಯಲು ಇಟ್ಟರೆ ಗಡಿಯಾರ ನೋಡುವುದನ್ನೇ ಬಿಟ್ಟಿದ್ದಾಳೆ. ಗಂಡನನ್ನು ಮಾತಿಗೆಳೆದು, ಅವನ ಗಂಟಲು ಎರಡು ಸಲ ಕಟ್ಟಿದ ಮೇಲೆ ಒಲೆ ಆರಿಸುತ್ತಾಳೆ.

ಹದಿನಾಲ್ಕು ತಿಂಗಳಿಂದ ಮೂರ್ಛೆಯ ಸುಳಿವಿಲ್ಲ. ಕತ್ತಿ ಹಿಡಿಯಬಹುದು ಎಂದು ಡಾಕ್ಟರೂ ಹೇಳಿದ್ದಾರೆ. ಹೇಳಿದರೇನು ಬಂತು? ಗಡ್ಡದವರೆಲ್ಲ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುವ ಅವನ ತಮ್ಮನಿಗಾಗಿ ಕಾಯುತ್ತಾರೆ. ಇವನ ಪಾಲಿಗೆ ಬರೀ ತಲೆಗೂದಲು.

"ತಮ್ಮ ಮಾಡ್ತಾನೆ ಮಾವ. ಅವನ ಕೈ ಹಗುರ."

"ನಾನು ಮಗಳನ್ನ ಕೊಟ್ಟಿದ್ದು ನಿಮ್ಮ ಕೈಗೆ. ಗಡ್ಡ ಯಾವ ದೊಡ್ಡದು?"

ಬೆಂಚಿನ ಮೇಲಿದ್ದ ಇಬ್ಬರು ಗಿರಾಕಿಗಳು ಪೇಪರ್ ಕೆಳಗಿಳಿಸಿದರು. ಅವನು ಕೈ ತೊಳೆದು, ನೊರೆ ಹಚ್ಚಿ, ಹೊಸ ಬ್ಲೇಡ್ ಸಿಕ್ಕಿಸಿದ. ಬಲಗೆನ್ನೆ ಸಲೀಸಾಗಿ ಮುಗಿಯಿತು. ಗಂಟಲಿಗೆ ಇಳಿಯುವ ಮುನ್ನ, "ಗಲ್ಲ ಸ್ವಲ್ಪ ಮೇಲೆ…" ಎನ್ನುವಷ್ಟರಲ್ಲಿ ದನಿ ಒಡೆಯಿತು. ಕತ್ತಿ ನಿಂತಿತು. ತಮ್ಮನ ಕೈಯೂ ನಿಂತಿತು. ಇದು ಮೂರ್ಛೆಯಲ್ಲ, ಯಂತ್ರ ತನ್ನ ಕೆಲಸ ಮಾಡುತ್ತಿದೆ ಅಷ್ಟೇ ಎಂದು ಅವನಿಗೆ ಗೊತ್ತು. ಬೆಂಚಿನವರಿಗೆ ಗೊತ್ತಾಗಬೇಕಲ್ಲ! ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮಾವ ಒಂದು ಕಣ್ಣು ತೆರೆದರು. "ಯಾಕೆ ನಿಲ್ಲಿಸಿದ್ರಿ? ಕಟ್ಟಿದ್ದು ಗಂಟಲು. ಕೈಗೇನಾಯ್ತು?"

"ಏನೂ ಆಗಿಲ್ಲ," ಎಂದ, ಗೊಗ್ಗರು ದನಿಯಲ್ಲೇ.

"ಮತ್ತೆ? ನೊರೆ ಒಣಗ್ತಾ ಇದೆ."

ಅವನಿಗೆ ನಗು ಬಂತು. ಈ ಮೊಂಡು ಮುದುಕನ ಮೇಲೆ ಎಲ್ಲಿಲ್ಲದ ಅಕ್ಕರೆಯೂ ಬಂತು. ದನಿ ಸರಿಹೋಗಲೆಂದು ಕಾಯದೆ ಕತ್ತಿಯನ್ನು ಗಂಟಲಿಗೆ ಇಳಿಸಿದ. ಒಂದು ಗೀರೂ ಬೀಳಲಿಲ್ಲ.

ಎಡಗೆನ್ನೆಗೆ ಬರುವ ಹೊತ್ತಿಗೆ ಮಾವನ ಬಾಯಿ ಅರೆ ತೆರೆದಿತ್ತು. ಸಣ್ಣಗೆ ಗೊರಕೆ ಶುರುವಾಯಿತು. ಬೆಂಚಿನವರಲ್ಲೊಬ್ಬ ಕಿಸಕ್ಕನೆ ನಕ್ಕ. ಅಳಿಯ ತಿರುಗಿ "ಶ್!" ಎಂದ. ಮಾವನ ತಲೆ ಮೆಲ್ಲನೆ ವಾಲಿ, ತನ್ನ ಭಾರವನ್ನೆಲ್ಲ ಅವನ ಎಡ ಅಂಗೈಗೆ ಬಿಟ್ಟಿತು. ಅವನು ಅದನ್ನು ಹಾಗೇ ಹಿಡಿದುಕೊಂಡು, ಉಳಿದ ಗಡ್ಡ ಹೆರೆಯತೊಡಗಿದ.